ಹಾಡು ಎಲ್ಲರದು, ಬೀಗ ಯಾರದು?

ಮಕ್ಕಳೇ, ಮಕ್ಕಳ ತಾತ-ಅಜ್ಜಿಯರೇ,

ನಮ್ಮ ತಾವರೆಕೆರೆ ಶಿರಾ ತಾಲ್ಲೂಕಿನ ಊರು. ಹಿರಿಯೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಮ್ಮೂರನ್ನು ದಾಟಿಬಿಡುತ್ತಾರೆ. ಈ ವಾರ ನಿಮಗೆ ಹೇಳುವುದು ನಮ್ಮ ಮನೆಯ ಒಂದು ಹಳೆಯ ಕಂಪ್ಯೂಟರಿನ ಕಥೆ.

ಅದು ನನ್ನ ಮಗ ಕಾಲೇಜಿನಲ್ಲಿದ್ದಾಗ ಕೊಂಡದ್ದು. ಆಗ ನಮ್ಮ ಮನೆಯಾಕೆ ಇನ್ನೂ ಇದ್ದಳು. ಸೋಬಾನೆ ಪದ, ಬೀಸುವ ಪದ, ಹಸೆಗೆ ಕರೆಯುವ ಪದ ಎಲ್ಲ ಆಕೆಯ ಬಾಯಲ್ಲಿತ್ತು. ಆಕೆ ಹೇಳುತ್ತಾ ಹೋದಳು, ಮಗ ಟೈಪ್ ಮಾಡುತ್ತಾ ಹೋದ. ಹೀಗೆ 43 ಹಾಡುಗಳಾದವು. ಆಮೇಲೆ ಮಗ ಕೆಲಸಕ್ಕೆ ಹೋದ, ಕಂಪ್ಯೂಟರ್ ಮೂಲೆ ಸೇರಿತು. ಆಕೆ ತೀರಿಕೊಂಡು ಈಗ 4 ವರ್ಷ.

ಈ ಸಲ ರಜೆಗೆ ಬಂದ ಮೊಮ್ಮಗಳು ಒಂದೇ ಹಟ ಹಿಡಿದಳು. ಆರನೆಯ ಕ್ಲಾಸಿನ ಹುಡುಗಿ. "ತಾತ, ಅಜ್ಜಿ ಹಾಡೆಲ್ಲ ಇದರಲ್ಲೇ ಐತಂತೆ. ಅಪ್ಪ ಹೇಳ್ತು. ತೆಗಿ ತಾತ." ಸ್ವಿಚ್ ಹಾಕಿದೆವು. ಗುಂಯ್ ಎಂದು ಸದ್ದು ಮಾಡಿತು, ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ನಾವು ಊಟ ಮುಗಿಸಿ ಬಂದರೂ ಚಕ್ರ ತಿರುಗುತ್ತಲೇ ಇತ್ತು.

ಶಿರಾಕ್ಕೆ ಹೊತ್ತುಕೊಂಡು ಹೋದೆ. ರಿಪೇರಿ ಅಂಗಡಿಯ ಹುಡುಗ ನೋಡಿ, "ತಾತ, ಇದಕ್ಕೆ ವಯಸ್ಸಾಗೈತೆ. ಗುಜರಿಗೆ ಹಾಕಿ ಹೊಸದು ತಗಳ್ಳಿ" ಅಂದ. ನನಗೇ ಅಂದಂತಾಯಿತು! ಒಳಗಿರುವ ಹಾಡುಗಳ ಗತಿ ಏನು ಎಂದು ಕೇಳಿದರೆ, ಸಿಕ್ಕರೆ ಸಿಕ್ಕಿತು ಎಂದು ಕೈ ಆಡಿಸಿದ.

ಆ ವಾರ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಬಂದ. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಚುಚ್ಚಿದ. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು, ಬೇರೆಯದೇ ಮುಖ. "ಮಾವ, ಇದು ಲಿನಕ್ಸ್. ಒಳಗಿರೋದನ್ನ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸ್ತಿದೀನಿ. ಮೊದಲು ಅತ್ತೆ ಹಾಡುಗಳನ್ನ ಹೊರಗೆ ತೆಗೆದಿಟ್ಟುಬಿಡೋಣ" ಅಂದ. ತೆಗೆದಿಟ್ಟ. ಆಮೇಲೆ ಆ ಹಳೆಯ ಪೆಟ್ಟಿಗೆಗೆ ಉಬುಂಟು ಬಳಗದ ಒಂದು ಹಗುರವಾದ ಲಿನಕ್ಸ್ ಹಾಕಿದ. ಚಕ್ರ ತಿರುಗುವುದು ನಿಂತಿತು.

"ಎಷ್ಟಾಯ್ತಪ್ಪ ಇದಕ್ಕೆ?" ಎಂದು ಕೇಳಿದೆ.

"ದುಡ್ಡಿಲ್ಲ ಮಾವ."

"ಕದ್ದದ್ದೇನೋ?"

"ಅಯ್ಯೋ ಇಲ್ಲ. ಮಾಡಿದೋರೇ ಎಲ್ಲರೂ ಬಳಸಲಿ, ಹಂಚಲಿ ಅಂತ ಬಿಟ್ಟಿರೋದು."

ನಂಬಿಕೆ ಬರಲಿಲ್ಲ. ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ನಿಮಗೆ ಹೇಳುತ್ತೇನೆ.

ಕಂಪ್ಯೂಟರ್ ಕೆಲಸ ಮಾಡಬೇಕಾದರೆ ಅದಕ್ಕೆ ಸಾಲು ಸಾಲಾಗಿ ಅಪ್ಪಣೆ ಬರೆದುಕೊಡಬೇಕು. ಆ ಬರಹವೇ ಸೋರ್ಸ್ ಕೋಡ್. ಸಾರಿನ ಪುಡಿ ಅಂಗಡಿಯಿಂದ ತಂದರೆ ರುಚಿ ಸಿಗುತ್ತದೆ, ಆದರೆ ಮೆಣಸು ಎಷ್ಟು, ಧನಿಯಾ ಎಷ್ಟು ಎಂಬ ಲೆಕ್ಕ ಸಿಗುವುದಿಲ್ಲ. ಪಕ್ಕದ ಮನೆ ಅಜ್ಜಿ ಹಾಗಲ್ಲ. ಪುಡಿಯನ್ನೂ ಕೊಡುತ್ತಾಳೆ, ಲೆಕ್ಕವನ್ನೂ ಹೇಳುತ್ತಾಳೆ. ಖಾರ ಹೆಚ್ಚಾದರೆ ನಾವೇ ಕಡಿಮೆ ಮಾಡಿಕೊಳ್ಳಬಹುದು. ಹೀಗೆ ಲೆಕ್ಕದ ಸಮೇತ ಕೊಡುವುದೇ ಓಪನ್ ಸೋರ್ಸ್, ಕನ್ನಡದಲ್ಲಿ ಮುಕ್ತ ತಂತ್ರಾಂಶ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಈ ದಾರಿ ಹಿಡಿದರು. ತಂತ್ರಾಂಶವನ್ನು ಬಳಸುವ, ಓದಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂದರು. ತಿದ್ದಿ ಹಂಚುವವರು ತಾವು ತಿದ್ದಿದ ಲೆಕ್ಕವನ್ನೂ ಕೊಡಬೇಕು ಎಂಬ ಷರತ್ತಿನ ಪರವಾನಗಿಯನ್ನೂ ಬರೆದರು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕೆ ಒಂದು ಕಾರ್ಯವ್ಯವಸ್ಥೆ ಬರೆಯುತ್ತಿದ್ದೇನೆ, ಏನೇನು ಬೇಕು ಹೇಳಿ ಎಂದು ಜಗತ್ತಿಗೆ ತಿಳಿಸಿದ. ಮರುವರ್ಷ ಅದನ್ನು ಸ್ಟಾಲ್ಮನ್ ಅವರ ಪರವಾನಗಿಯಲ್ಲಿ ಕೊಟ್ಟ. ಅದೇ ಲಿನಕ್ಸ್. ಸಾವಿರಾರು ಜನ ಕೈ ಸೇರಿಸಿದರು.

ತಾತಂದಿರೇ, ನಿಮಗಿದು ಹೊಸದೇನಲ್ಲ. ಕಳೆ ಕೀಳುವ ಕಾಲಕ್ಕೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳು ಹೋಗುತ್ತಿರಲಿಲ್ಲವೇ? ಇದೂ ಮುಯ್ಯಿಯೇ. ಹೊಲ ಮಾತ್ರ ಇಡೀ ಭೂಮಿಯಷ್ಟು ದೊಡ್ಡದು.

ಮಕ್ಕಳೇ, ನೀವು ಅಪ್ಪನ ಕೈಯಿಂದ ಕಸಿದುಕೊಳ್ಳುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೂ ನಡೆಯುತ್ತಿರುವುದು ಅದರ ಮೇಲೆಯೇ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯಲ್ಲೂ ಲಿನಕ್ಸ್ ಇತ್ತು. ಇಷ್ಟು ದೂರ ಏಕೆ, ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ. ಕೇರಳದ ಸರ್ಕಾರಿ ಶಾಲೆಗಳು 15 ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ದಾರಿಯಲ್ಲಿವೆ.

ಸರಿ, ನಮ್ಮ ಹಾಡುಗಳಿಗೆ ಬರೋಣ. ಫೈಲು ತೆರೆದ ಮೊಮ್ಮಗಳು, "ತಾತ, ಅಜ್ಜಿ ಏನು ಇಂಗ್ಲಿಷಲ್ಲಿ ಹಾಡ್ತಿದ್ಲಾ?" ಅಂದಳು. ನೋಡಿದರೆ ಒಂದೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಬೊಟ್ಟು, ಗೆರೆ, ಕೊಂಬು. ಇರುವೆ ಸಾಲಿನಂತೆ ಪುಟ ತುಂಬಾ ಅದೇ. ನನ್ನ ಎದೆ ಧಸಕ್ಕೆಂದಿತು. ಹಾಡು ಸಿಕ್ಕಿದೆ, ಆದರೆ ಓದಲು ಬರುವುದಿಲ್ಲ.

ಕಾರಣ ಇದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಿಂದೆ ಕನ್ನಡದ ಅಕ್ಷರಗಳಿಗೆ ಸ್ವಂತ ಅಂಕಿ ಬಳಸದೆ, ಇಂಗ್ಲಿಷ್ ಅಕ್ಷರಗಳ ಅಂಕಿಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಬಾಡಿಗೆ ಮನೆಯ ಹಾಗೆ. ಆ ಹಳೆಯ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇರುವೆ ಸಾಲು. ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಮನೆಯಿದೆ. 'ಅ' ಅಕ್ಷರದ ಅಂಕಿ 3205, 'ಕ' ಅಕ್ಷರದ್ದು 3221. ಇದು ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದು ಬಂದದ್ದೂ 1991ರಲ್ಲೇ, ಲಿನಕ್ಸ್ ಹುಟ್ಟಿದ ವರ್ಷ.

ಅಳಿಯ ನಕ್ಕ. "ಇದಕ್ಕೂ ಮದ್ದು ಐತೆ ಮಾವ." ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಅರವಿಂದ ವಿ.ಕೆ. ಎಂಬ ಕನ್ನಡಿಗ ತಂತ್ರಜ್ಞರು ಬರೆದು, ಲೆಕ್ಕದ ಸಮೇತ ಎಲ್ಲರಿಗೂ ಬಿಟ್ಟಿದ್ದಾರೆ. ಇರುವೆ ಸಾಲನ್ನು ಅದರೊಳಗೆ ಸುರಿದರೆ ಕನ್ನಡ ಹೊರಗೆ ಬಂತು. ಮೊಮ್ಮಗಳು ತೊದಲುತ್ತಾ ಮೊದಲ ಸಾಲು ಓದಿದಳು. ನನಗೆ ಆಕೆಯ ದನಿ ಕೇಳಿದಂತಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಯಾವ ಅಕ್ಷರದಲ್ಲಿ ಅಚ್ಚು ಹಾಕೋಣ ಎಂದು ಪಟ್ಟಿ ತೆರೆದಾಗ ಹುಡುಗಿ ಕೂಗಿಕೊಂಡಳು: "ತಾತ, ಇಲ್ಲಿ ಗುಬ್ಬಿ ಐತೆ! ನಮ್ಮ ಜಿಲ್ಲೆ ಗುಬ್ಬಿ!" ಲಿನಕ್ಸ್ ಜತೆಗೆ ಸಿಗುವ ಒಂದು ಕನ್ನಡ ಫಾಂಟಿನ ಹೆಸರು ಗುಬ್ಬಿ. ಇನ್ನೊಂದು ನವಿಲು, ಅದು ಕೈಬರಹದ ಹಾಗಿದೆ. ಎರಡನ್ನೂ ಮಾಡಿದವರು ಅದೇ ಅರವಿಂದರು. ಊರಿನ ಗುಬ್ಬಿಯೋ ಹಕ್ಕಿ ಗುಬ್ಬಿಯೋ ಎಂದು ಅವಳಿಗೂ ಅಳಿಯನಿಗೂ ಜಗಳ. ನವಿಲಿನ ಪಕ್ಕದಲ್ಲಿರುವುದು ಹಕ್ಕಿಯೇ ಇರಬೇಕು ಎಂದು ನಾನು ತೀರ್ಪು ಕೊಟ್ಟೆ.

ನಾವು ಟೈಪ್ ಮಾಡುವ ಕೀಲಿಮಣೆಯ ಹಿಂದೆಯೂ ಒಬ್ಬ ದೊಡ್ಡವರಿದ್ದಾರೆ, ಕಿನ್ನಿಕಂಬಳದ ಕೆ.ಪಿ. ರಾವ್. ಆರ್ ಒತ್ತಿದರೆ ರ, ಜಿ ಒತ್ತಿದರೆ ಗ. ಉಲಿದ ಹಾಗೆ ಒತ್ತಿದರೆ 'ರಾಗಿ' ಮೂಡುತ್ತದೆ. ಈ ವಿನ್ಯಾಸ ಅವರದು. ಎಲ್ಲರೂ ಬಳಸಲೆಂದು ಅದನ್ನು ಬಿಟ್ಟುಕೊಟ್ಟರು. ರಾಜ್ಯ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು.

ಪುಸ್ತಕಗಳಲ್ಲೂ ಹೀಗೆ ಕೊಟ್ಟವರಿದ್ದಾರೆ. ಕಯ್ಯೂರಿನ ರೈತರ ಕಥೆ 'ಚಿರಸ್ಮರಣೆ' ಬರೆದ, ಕಿರಿಯರಿಗೆ 'ಜ್ಞಾನಗಂಗೋತ್ರಿ' ಸಂಪುಟಗಳನ್ನು ಕೊಟ್ಟ ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೆ ತೆರೆದಿಟ್ಟಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಬರೆಯುತ್ತಿರುವವರೂ ಸಂಬಳವಿಲ್ಲದ ನಮ್ಮ ನಿಮ್ಮಂಥವರೇ.

ಒಂದು ಮಾತು ನೆನಪಿಡಿ ಮಕ್ಕಳೇ. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬೇರೆ, ಕೊಡದೇ ಇದ್ದದ್ದನ್ನು ನಕಲು ಮಾಡುವುದು ಬೇರೆ. ಪರವಾನಗಿ ಏನು ಹೇಳುತ್ತದೆ ಎಂದು ಮೊದಲು ನೋಡಬೇಕು.

ಇನ್ನು, ಪುಕ್ಕಟೆ ಸಿಕ್ಕಿದ್ದಕ್ಕೆ ಕಾವಲು ಬೇಡವೇ? ಇದಕ್ಕೆ ಇತ್ತೀಚಿನ ಒಂದು ಕಥೆ ಕೇಳಿ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ಪುಟ್ಟ ಉಪಕರಣವಿದೆ. ಲಿನಕ್ಸ್ ಇರುವಲ್ಲೆಲ್ಲ ಹೆಚ್ಚುಕಡಿಮೆ ಅದೂ ಇರುತ್ತದೆ. ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡವರು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಸಂಬಳವಿಲ್ಲದೆ, ಹೆಚ್ಚಾಗಿ ಒಬ್ಬರೇ. ಅವರು ದಣಿದಿದ್ದರು. ಆಗ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಬೀಗದ ಕೈ ಪಡೆದು, 2024ರ ಆರಂಭದಲ್ಲಿ ಸದ್ದಿಲ್ಲದೆ ಒಂದು ಕನ್ನ ಕೊರೆದರು. ಅದು ಹರಡಿದ್ದರೆ ಜಗತ್ತಿನ ಎಷ್ಟೋ ಕಂಪ್ಯೂಟರುಗಳೊಳಗೆ ಕಳ್ಳರು ನುಗ್ಗಬಹುದಿತ್ತು.

ತಪ್ಪಿಸಿದವರು ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್. ದಿನಾ ಮಾಡುವ ಒಂದು ಕೆಲಸ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅವರಿಗೆ ಅನ್ನಿಸಿತು. ಅರ್ಧವೇ ಸೆಕೆಂಡು! ಬಿಡಲಿಲ್ಲ, ಬೆನ್ನು ಹತ್ತಿದರು, ಕನ್ನ ಸಿಕ್ಕಿತು. 2024ರ ಮಾರ್ಚ್ 29ರಂದು ಎಲ್ಲರಿಗೂ ಸಾರಿ ಹೇಳಿದರು. ಒಳಗಿನ ಬರಹ ತೆರೆದಿದ್ದರಿಂದ ಬೇರೆಯವರೂ ಕೂಡಲೇ ಕೂತು ಪರೀಕ್ಷಿಸಲು ಆಯಿತು.

ಇದನ್ನು ಓದಿದಾಗ ನನಗೆ ಕೆರೆಯ ನೆನಪಾಯಿತು. ಹಿಂದೆ ಊರ ಕೆರೆಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಏರಿಯಲ್ಲಿ ಇಲಿ ಬಿಲ ಕಂಡರೆ ಊರಿಗೆ ಹೇಳುವವನು ಅವನೇ. ಸುಗ್ಗಿಯಲ್ಲಿ ರೈತರು ಅವನಿಗೆ ಇಷ್ಟು ಕಾಳು ಅಳೆದು ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ಎತ್ತುತ್ತಿದ್ದರು. ಯಾವಾಗ ನೀರು ಮಾತ್ರ ಎಲ್ಲರದು, ಹೂಳು ಯಾರದೂ ಅಲ್ಲ ಎಂದಾಯಿತೋ ಆಗ ಎಷ್ಟು ಕೆರೆಗಳು ಬತ್ತಿದವು ಎಂದು ನಿಮ್ಮ ತಾತನನ್ನೇ ಕೇಳಿ. ಮುಕ್ತ ತಂತ್ರಾಂಶವೂ ಕೆರೆಯೇ. ಲಾಸ್ಸೆ ಕಾಲಿನ್ ಅದರ ನೀರಗಂಟಿ. ಅವನೊಬ್ಬನೇ ದಣಿಯಬಾರದು.

ನಾವೇನು ಕೊಡಬಲ್ಲೆವು? ನಮ್ಮ ಮನೆಯಲ್ಲಿ ಐದು ಸಂಜೆ ಹೀಗೆ ಕಳೆಯಿತು. ಪರಿವರ್ತಕ ಅಲ್ಲಲ್ಲಿ ಒತ್ತಕ್ಷರ ತಪ್ಪಿಸಿತ್ತು. ಮೊಮ್ಮಗಳು ಓದಿದಳು, ನಾನು ಹೇಳಿದೆ, ಅವಳು ತಿದ್ದಿದಳು. ಒಂದು ಸೋಬಾನೆ ಪದ ಅರ್ಧಕ್ಕೇ ನಿಂತಿತ್ತು. ಬೀದಿಯ ಕೊನೆಯ ಮನೆಯ ಅಜ್ಜಿಯನ್ನು ಕರೆದೆವು. ಆಕೆ ಕಣ್ಣು ಮುಚ್ಚಿ ಹಾಡಿ ಮುಗಿಸಿದಳು. ನಮ್ಮಲ್ಲಿ ಇಲ್ಲದ ಎರಡು ನುಡಿಗಳೂ ಸಿಕ್ಕವು. ಹುಡುಗಿ ಬರೆದುಕೊಂಡು ಕೆಳಗೆ ಆ ಅಜ್ಜಿಯ ಹೆಸರು ಹಾಕಿದಳು. 43 ಹಾಡುಗಳ ಪ್ರತಿ ಈಗ ಬೀದಿಯ ಏಳು ಮನೆಗಳಲ್ಲಿದೆ.

ನಮ್ಮಾಕೆಗೆ ಆ ಹಾಡು ಕೊಟ್ಟವಳು ಅವಳ ತಾಯಿ. ಆ ತಾಯಿಗೆ ಯಾರೋ. ಯಾರೂ ಬೀಗ ಹಾಕಿರಲಿಲ್ಲ. ಗೊತ್ತಿಲ್ಲದೆ ಬೀಗ ಹಾಕಿದವರು ಅವನ್ನು ಪೆಟ್ಟಿಗೆಯೊಳಗಿಟ್ಟು ಮರೆತ ನಾವೇ.

ಈ ವಾರದ ಮನೆಗೆಲಸ: ಮಕ್ಕಳೇ, ಕೆರೆಗೆ ಸಂಬಂಧಿಸಿದ ಹತ್ತು ಮಾತುಗಳನ್ನು ತಾತ-ಅಜ್ಜಿಯರಿಂದ ಕೇಳಿ ಬರೆದುಕೊಳ್ಳಿ. ಏರಿ, ತೂಬು, ಕೋಡಿ, ಹೂಳು, ನಾಲ್ಕು ನಾನೇ ಕೊಟ್ಟೆ. ತಾತಂದಿರೇ, ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಯವನನ್ನು ಕರೆಯುವ ಮೊದಲು ಒಳಗೇನಿದೆ ನೋಡಿ. ಇರುವುದನ್ನು ಮೊದಲು ಬೇರೆ ಕಡೆ ತೆಗೆದಿಡಿ, ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ನೋಡಿ, ಹಿಡಿಸಿದರೆ ಮಾತ್ರ ಒಳಗೆ ಹಾಕಿಸಿ. ಬರದಿದ್ದರೆ ಬಲ್ಲ ಹುಡುಗರನ್ನು ಕರೆದು ಒಂದು ಲೋಟ ಮಜ್ಜಿಗೆ ಕೊಡಿ. ಅದೇ ಮುಯ್ಯಿ.

ಮುಂದಿನ ವಾರ ಮತ್ತೆ ಸಿಗೋಣ.