ಎಲ್ಲದಕ್ಕೂ ಎಲ್-ಹಾಸ್ಪಿಟಲ್ಲೇ ಯಾಕೆ?

ಇವತ್ತು ಸ್ವಲ್ಪ ಗಣಿತದ ಜಗಳ. ಗಣಿತ ಅಂದ್ರೆ ಓಡಿಹೋಗೋರು ಎರಡೇ ನಿಮಿಷ ಕೂತ್ಕೊಳ್ಳಿ :-)

ನೇಸರಗಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿರೋ ನಮ್ಮ ಕಾಕಾನ ಮಗ ಮೊನ್ನೆ ಫೋನಿನಲ್ಲಿ ಹೇಳಿದ: "ಅಣ್ಣಾ, ಲಿಮಿಟ್‌ನ್ಯಾಗ ಸೊನ್ನೆ ಬೈ ಸೊನ್ನೆ ಬಂದ್ರ ಎಲ್-ಹಾಸ್ಪಿಟಲ್ ಹಚ್ಚಿಬಿಡ್ರಿ, ಮುಗೀತು ಅಂತ ಕೋಚಿಂಗ್ ಸರ್ ಹೇಳ್ಯಾರ."

ಹಾಸ್ಪಿಟಲ್ ಅಂದ್ರೆ ಲೋಪಿತಾಲ್ ಎಂಬ ಫ್ರೆಂಚ್ ಗಣಿತಜ್ಞ 1696ರಲ್ಲಿ ಅಚ್ಚು ಹಾಕಿಸಿದ ನಿಯಮ. ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಡಿಫರೆನ್ಶಿಯೇಟ್ ಮಾಡಿ ಮತ್ತೆ ಲಿಮಿಟ್ ಹಾಕೋದು. ನಿಯಮ ತಪ್ಪಲ್ಲ. ನಾಡಿ ಕೂಡ ಹಿಡಿದು ನೋಡದೆ ಎಲ್ಲ ರೋಗಿಗಳನ್ನೂ ಆಸ್ಪತ್ರೆಗೆ ಸಾಗಿಸೋದು ತಪ್ಪು.

ಈ ಲೆಕ್ಕ ನೋಡಿ: (√(1+ಎಕ್ಸ್) − 1) ÷ ಎಕ್ಸ್, ಎಕ್ಸ್ ಸೊನ್ನೆಯ ಹತ್ತಿರ ಹೋದಾಗ. ಮೇಲೂ ಕೆಳಗೂ √(1+ಎಕ್ಸ್) + 1 ರಿಂದ ಗುಣಿಸಿ. ಮೇಲೆ ಬರೀ ಎಕ್ಸ್ ಉಳಿಯುತ್ತೆ, ಕೆಳಗಿನ ಎಕ್ಸ್ ಜೊತೆ ಹೊಡೆದು ಹೋಗುತ್ತೆ. ಉಳಿದದ್ದು 1 ÷ (√(1+ಎಕ್ಸ್) + 1). ಉತ್ತರ ಅರ್ಧ. ಲೋಪಿತಾಲ್ ಹಚ್ಚಿದರೂ ಅರ್ಧವೇ. ಆದರೆ ಅದಕ್ಕೆ ವರ್ಗಮೂಲದ ಡೆರಿವೇಟಿವ್ ಬೇಕಲ್ಲ, ಅದು ಎಲ್ಲಿಂದ ಬಂತು? ಇದೇ ಲಿಮಿಟ್‌ನಿಂದ! ಉತ್ತರವನ್ನೇ ಸಾಲ ತಂದು ಉತ್ತರ ತೀರಿಸಿದ ಹಾಗೆ.

ಇನ್ನೊಂದು: √(ಎಕ್ಸ್²+1) ÷ ಎಕ್ಸ್, ಎಕ್ಸ್ ಅನಂತಕ್ಕೆ ಹೋದಾಗ. ಲೋಪಿತಾಲ್ ಒಮ್ಮೆ ಹಚ್ಚಿದರೆ ಭಿನ್ನರಾಶಿ ತಲೆಕೆಳಗಾಗುತ್ತೆ. ಇನ್ನೊಮ್ಮೆ ಹಚ್ಚಿದರೆ ಮೊದಲಿನದ್ದೇ ವಾಪಸ್! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇನ್ಫೈನೈಟ್ ಲೂಪ್. ಮೂಲಚಿಹ್ನೆಯೊಳಗಿಂದ ಎಕ್ಸ್ ಹೊರಗೆಳೆದರೆ ಒಂದೇ ಸಾಲಿನಲ್ಲಿ ಉತ್ತರ 1.

"ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಶಾರ್ಟ್‌ಕಟ್ ಇಲ್ಲದೆ ಆಗುತ್ತಾ?" ಅಂತೀರಿ. ಒಪ್ಪಿದೆ, ಪರೀಕ್ಷೆಯ ದಿನ ಬಳಸಲಿ. ಕಲಿಸುವ ದಿನವೂ ಅದೇನಾ? ಕೆಲಸಕ್ಕೆ ಸೇರಿದ ಮೇಲೆ ಕಂಪ್ಯೂಟರ್ ಶಾರ್ಟ್‌ಕಟ್ ಕೇಳಲ್ಲ. ಮೇಲಿನ ಮೊದಲ ಲೆಕ್ಕದಲ್ಲಿ ಎಕ್ಸ್ ಬೆಲೆ ಬಿಂದುವಿನ ನಂತರ 15 ಸೊನ್ನೆ, ಆಮೇಲೆ 1 ಅಂತ ಕೊಟ್ಟು 'ಡಬಲ್'ನಲ್ಲಿ ಓಡಿಸಿ ನೋಡಿ. ಸುಮಾರು 16 ಅಂಕಿ ಮಾತ್ರ ಹಿಡಿಯೋ ಅದು 1+ಎಕ್ಸ್ ಅನ್ನು 1 ಅಂತಲೇ ತಿಳಿದು ಉತ್ತರ ಸೊನ್ನೆ ಕೊಡುತ್ತೆ. ಗುಣಿಸಿ ಬದಲಾಯಿಸಿದ ರೂಪ ಕೊಟ್ಟರೆ 0.5. ಅಂದಮೇಲೆ ಇದು ಬರೀ ಪರೀಕ್ಷೆಯ ಕಸರತ್ತಲ್ಲ.

ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಈ ಗುಣಿಸುವ ಉಪಾಯ ಆ ಹುಡುಗನಿಗೆ ಹೊಸದೇ ಅಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಛೇದದ ಅಕರಣೀಕರಣ ಅಂತ ಕನ್ನಡದಲ್ಲೇ ಕಲಿತಿದ್ದಾನೆ. 12ನೇ ಶತಮಾನದ ಭಾಸ್ಕರಾಚಾರ್ಯನ ಬೀಜಗಣಿತದಲ್ಲೂ ಕರಣಿಗಳ ಭಾಗಾಕಾರಕ್ಕೆ ಇದೇ ದಾರಿ: ಭಾಜಕದ ಒಂದು ಕರಣಿಯ ಚಿಹ್ನೆ ಬದಲಿಸಿ ಎರಡನ್ನೂ ಗುಣಿಸು. "ನಿನಗೆ ಗೊತ್ತಿರೋದೇ ಇದು, ಈಗ ಅಂಶಕ್ಕೆ ಹಚ್ಚು" ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಅದನ್ನು ಬಿಟ್ಟು ಇಂಗ್ಲಿಷಿಗೇ ಹೆದರಿ ಕೂತವನಿಗೆ ಕ್ಯಾಲ್ಕುಲಸ್ ಅಂದ್ರೆ ಅರ್ಥವಿಲ್ಲದ ಮಂತ್ರ ಅಂತ ನಂಬಿಸ್ತಾರೆ. ಅವನ ಕೈಲಿರೋ ಕೀಲಿ ಕಸಿದುಕೊಂಡು ಬಾಡಿಗೆ ಕೀಲಿ ಕೊಟ್ಟ ಹಾಗೆ.

ನಿಮ್ಮಲ್ಲಿ ಪಾಠ ಹೇಳೋರಿದ್ದರೆ, ನಿಯಮ ಕೊಡೋ ಮುಂಚೆ ಕರಣಿ ನೆನಪಿಸಿ. ನೀವೇನಂತೀರಿ?