ಇಂಗಿನ ಡಬ್ಬಿಯಲ್ಲಿ ಗೋದಿ

ಗೋದಿ ವಿಷ, ಹಾಲು ಬಿಡಿ, ಶೇಂಗಾ ಮುಟ್ಟಬೇಡಿ ಎಂದು ದಿನಕ್ಕೊಂದು ಪಥ್ಯ ಮೊಬೈಲಿನಲ್ಲಿ ಹುಟ್ಟಿ ಗಿರಣಿಯ ಗೇಟಿಗೂ ಬಂದು ತಲುಪಿದೆ. ಹೇಳುವವರ ಹೊಟ್ಟೆ ತುಂಬಿದೆ. ಕೇಳಿದ ಕಾರ್ಮಿಕನು ಬುತ್ತಿಯಲ್ಲಿದ್ದ ಹಿಡಿ ಶೇಂಗಾವನ್ನೂ ತೆಗೆದಿಟ್ಟರೆ ಉಳಿಯುವುದೇನು?

ಪಥ್ಯವನ್ನೇ ನಾವು ಹಳಿಯುತ್ತಿಲ್ಲ. ಕೆಲವರಿಗೆ ಅದು ಪ್ರಾಣದ ಪ್ರಶ್ನೆ. ಶೇಂಗಾ ಅಲರ್ಜಿಯುಳ್ಳ ಮಗುವಿಗೆ ಒಂದು ಚೂರು ಸೇರಿದರೂ ಗಂಟಲು ಬಿಗಿದು ಉಸಿರು ಕಟ್ಟಬಹುದು. ಆಗ ಬೇಕಾದದ್ದು ಎಡ್ರಿನಲಿನ್ ಚುಚ್ಚುಮದ್ದು, ಮನೆಮದ್ದಲ್ಲ. ಸೀಲಿಯಾಕ್ ರೋಗವುಳ್ಳವರಿಗೆ ಗೋದಿಯಲ್ಲಿರುವ ಗ್ಲೂಟೆನ್ ಸಣ್ಣಕರುಳನ್ನೇ ಕೆಡಿಸುತ್ತದೆ. ಅವರು ಜೀವಮಾನವಿಡೀ ಅದನ್ನು ಬಿಡಬೇಕು.

ಬಿಡುವುದಾದರೂ ಹೇಗೆ? ಪೇಟೆಯ ಡಬ್ಬಿಯ ಇಂಗಿಗೆ ಗೋಂದಿನ ಜೊತೆ ಅಕ್ಕಿ ಹಿಟ್ಟನ್ನೋ ಗೋದಿ ಹಿಟ್ಟನ್ನೋ ಬೆರೆಸಿರುತ್ತಾರೆ. ಕಾನೂನು ಇದಕ್ಕೆ ಒಪ್ಪುತ್ತದೆ. ರಾಗಿಮುದ್ದೆ ಉಂಡ ರೋಗಿ ಸಾರಿನ ಒಗ್ಗರಣೆಯಿಂದ ನರಳಬೇಕು! ಗೋದಿ, ಹಾಲು, ಮೊಟ್ಟೆ, ಶೇಂಗಾ ಮೊದಲಾದವು ಇದ್ದರೆ ಪೊಟ್ಟಣದ ಮೇಲೆ ತಿಳಿಸಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ, ನಿಜ. ಆದರೆ ಅದೇ ನಿಯಮ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ. ಅದರ ಲೆಕ್ಕದಲ್ಲಿ ಕನ್ನಡ ಇದ್ದರೆ ಅಡ್ಡಿಯಿಲ್ಲ, ಇಲ್ಲದಿದ್ದರೆ ತಪ್ಪೂ ಇಲ್ಲ. ಕನ್ನಡವೊಂದನ್ನೇ ಓದಬಲ್ಲ ತಾಯಿಯ ಮಗುವಿನ ಜೀವಕ್ಕೆ ಇಷ್ಟೇ ಬೆಲೆಯೇ?

ಇತ್ತ ರಾಗಿ ಬಿಸ್ಕತ್ತಿಗೆ 'ಗ್ಲೂಟೆನ್ ಇಲ್ಲ' ಎಂಬ ಚೀಟಿ ಅಂಟಿಸಿ ದುಬಾರಿಗೆ ಮಾರುತ್ತಾರೆ. ರಾಗಿ, ಜೋಳ, ನವಣೆಗಳಲ್ಲಿ ಅದು ಎಂದೂ ಇರಲಿಲ್ಲ. (ಗೋದಿ ಬೀಸಿದ ಹಿಟ್ಟಿನ ಗಿರಣಿಯಲ್ಲೇ ರಾಗಿ ಬೀಸಿದರೆ ಬೆರಕೆಯಾಗುತ್ತದೆ, ರೋಗಿಗಳು ಇದನ್ನು ಮರೆಯಬಾರದು.) ಇನ್ನು ರಕ್ತದಲ್ಲಿ ಐಜಿಜಿ ಅಳೆದು ನೂರಾರು 'ನಿಷಿದ್ಧ' ಆಹಾರಗಳ ಪಟ್ಟಿ ಕೊಡುವವರಿದ್ದಾರೆ. ಆ ಆಹಾರವನ್ನು ತಿಂದಿದ್ದಾರೆಂದಷ್ಟೇ ಅದು ತೋರಿಸುವುದು. ಅಲರ್ಜಿ ತಿಳಿಯಲು ಅದು ತಕ್ಕುದಲ್ಲವೆಂದು ಯುರೋಪಿನ ಅಲರ್ಜಿ ತಜ್ಞರು 2008ರಲ್ಲೇ ಹೇಳಿದ್ದಾರೆ. ದುಡ್ಡು ಕೊಟ್ಟು ಹೆದರಿಕೆ ಕೊಳ್ಳಬೇಡಿ. ಸೀಲಿಯಾಕ್ ಶಂಕೆಯಿದ್ದರೂ ಪರೀಕ್ಷೆಗೆ ಮೊದಲೇ ಗೋದಿ ಬಿಡಬಾರದು, ಬಿಟ್ಟರೆ ರೋಗವೇ ಪತ್ತೆಯಾಗದೆ ಹೋಗಬಹುದು.

ಬಿಡಿ ಸಾಮಾನು ಕಟ್ಟಿಕೊಡುವ ವ್ಯಾಪಾರಿ ಮಿತ್ರರಲ್ಲಿ ನಮ್ಮದೊಂದು ವಿನಂತಿ: ಗಿರಾಕಿ ಕೇಳಿದರೆ ಮೂಲ ಪೊಟ್ಟಣ ತೋರಿಸಿ, ಶೇಂಗಾ ಮೊಗೆದ ಪಾವಿನಲ್ಲಿ ಬೇರೆಯದನ್ನು ಮೊಗೆಯಬೇಡಿ. ಸರ್ಕಾರಕ್ಕೆ ವಿನಂತಿಯಲ್ಲ, ಒತ್ತಾಯ. ಪೊಟ್ಟಣದ ಎಚ್ಚರಿಕೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರಲಿ. ಕೂಲಿಯ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿಯಂತೆ ಇ.ಎಸ್.ಐ.ಗೆ ವಂತಿಗೆ ಕಟ್ಟುವ ಕಾರ್ಮಿಕನಿಗೆ ಈ ಪರೀಕ್ಷೆಗಳು ಅವನ ಊರಿನಲ್ಲೇ ಆಗಲಿ.