ಬೀಗ ಬೀಳುವ ಮೊದಲು

ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯುವ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯುತ್ತೇವೆ ಎಂದು 2025ರ ಫೆಬ್ರುವರಿಯ ಕೇಂದ್ರ ಬಜೆಟ್ ಹೇಳಿತು. 2016ರಲ್ಲಿ ಶುರುವಾದ ಈ ಯೋಜನೆ ಅಲ್ಲಿಯವರೆಗೆ ಸರ್ಕಾರಿ, ಖಾಸಗಿ ಎಲ್ಲ ಸೇರಿ ಮುಟ್ಟಿದ್ದು ಸುಮಾರು 10,000 ಶಾಲೆಗಳನ್ನು. ಅಷ್ಟು ವರ್ಷಗಳಲ್ಲಿ ಆದದ್ದರ ಐದು ಪಟ್ಟು ಇನ್ನು ಐದೇ ವರ್ಷಗಳಲ್ಲಿ ಆಗಬೇಕು. ಆರನೇ ತರಗತಿಯ ಹುಡುಗಿಯೊಬ್ಬಳು ಸರ್ಕಾರಿ ಶಾಲೆಯಲ್ಲೇ ಕೂತು ಮೋಟಾರಿಗೆ ತಂತಿ ಜೋಡಿಸುವುದನ್ನು ಯಾರು ಬೇಡ ಎಂದಾರು? ನಾವಂತೂ ಅನ್ನುವುದಿಲ್ಲ. ಕೋಣೆಗಳು ತೆರೆಯುತ್ತವೆ, ಟೇಪೂ ಕತ್ತರಿಸುತ್ತಾರೆ. ನಮ್ಮ ಆತಂಕ ಆಮೇಲಿನದು. ಈಗಲೇ ಹೇಳುತ್ತಿರುವುದು ಯಾಕೆಂದರೆ, ಈಗ ಹೇಳಿದರೆ ಇನ್ನೂ ತಿದ್ದಿಕೊಳ್ಳಬಹುದು.

ಲೆಕ್ಕ ನೋಡಿ. ಈವರೆಗಿನ ಯೋಜನೆಯಲ್ಲಿ ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅದರಲ್ಲಿ 10 ಲಕ್ಷ ಕೋಣೆ ಸಜ್ಜು ಮಾಡಿ ಸಾಮಾನು ತರಲು, ಇನ್ನು 10 ಲಕ್ಷ ಐದು ವರ್ಷ ನಡೆಸಲು. ಮೊದಲ ತಂಡದಲ್ಲಿ ಲ್ಯಾಬ್ ಪಡೆದ ಶಾಲೆಗಳಿಗೆ ಆ ಐದು ವರ್ಷ ಮುಗಿದುಹೋಗಿದೆ. ಆರನೇ ವರ್ಷದ ಬ್ಯಾಟರಿಯನ್ನು, ಸೋಲ್ಡರಿಂಗ್ ತಂತಿಯನ್ನು, ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ಸುರುಳಿಯನ್ನು ಯಾರು ಕೊಳ್ಳಬೇಕು? ಊರಲ್ಲಿ ಕೈ ಬಿಚ್ಚುವ ದಾನಿಗಳಿದ್ದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಹೇಗೋ ಹೊಂದಿಸಬಹುದು. ಎಲ್ಲ ಊರುಗಳಲ್ಲಿ ಅಂಥವರಿಲ್ಲ.

ಬಳಸದೆ ಬಿಟ್ಟ ಸಾಮಾನು ಸುಮ್ಮನೆ ಕಾಯುತ್ತ ಕೂರುವುದಿಲ್ಲ, ಕೆಡುತ್ತದೆ. ರಿಮೋಟಿಗೆ ಹಾಕುವಂಥ ಸೆಲ್ಲುಗಳು ಪೆಟ್ಟಿಗೆಯಲ್ಲೇ ಉಳಿದರೆ ಸೋರಿ ಸಂಪರ್ಕದ ತಗಡನ್ನು ತಿನ್ನುತ್ತವೆ. ಲಿಥಿಯಂ ಬ್ಯಾಟರಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಮತ್ತೆ ಏಳುವುದು ಕಷ್ಟ. ಪ್ರಿಂಟರಿನ ಪ್ಲಾಸ್ಟಿಕ್ ಎಳೆ ಗಾಳಿಯ ತೇವ ಹೀರಿ ಪಟಪಟನೆ ಮುರಿಯುತ್ತದೆ. ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ಒಂದು ಮಳೆಗಾಲ ಅದನ್ನು ಬಿಚ್ಚಿಟ್ಟು ನೋಡಿದರೆ ಸಾಕು. ದಿಲ್ಲಿಯಲ್ಲಿ ತಯಾರಾದ ಸಾಮಾನಿನ ಪಟ್ಟಿಗೆ ಆಗುಂಬೆಯ ಮಳೆ ಗೊತ್ತಿರುವುದಿಲ್ಲ.

ದುಡ್ಡಿನದು ಒಂದು ಮಾತಾಯಿತು. ಅದಕ್ಕಿಂತ ಬೇಗ ಲ್ಯಾಬಿಗೆ ಬೀಗ ಹಾಕಿಸುವುದು ಸ್ಟಾಕ್ ರಿಜಿಸ್ಟರ್. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಂದ ಪ್ರತಿಯೊಂದು ವಸ್ತುವೂ ಪುಸ್ತಕಕ್ಕೆ ಏರುತ್ತದೆ. ಆಡಿಟ್‌ನವರು ಬಂದಾಗ ಎಣಿಕೆ ಸರಿಯಾಗಬೇಕು, ವರ್ಗಾವಣೆಯಾಗಿ ಚಾರ್ಜ್ ಬಿಟ್ಟುಕೊಡುವ ದಿನ ಇನ್ನೊಮ್ಮೆ ಸರಿಯಾಗಬೇಕು. ಸೆನ್ಸರ್ ಸುಟ್ಟಿತೆಂದು ಬರೆದರೆ ಯಾಕೆ ಸುಟ್ಟಿತು, ಯಾರು ಹೊಣೆ ಎಂಬ ಪ್ರಶ್ನೆ. ಇಷ್ಟೆಲ್ಲ ತಿಳಿದಿರುವ, ವಿಜ್ಞಾನ-ಗಣಿತ ಕಲಿಸುವ ಪಿಸಿಎಂ ಮೇಷ್ಟ್ರು ಮಕ್ಕಳಿಗೆ ಸಾಮಾನು ಕೊಡುತ್ತಾರೆಯೇ? ಗಾಜಿನ ಬೀರುವಿನಲ್ಲಿಟ್ಟು ತೋರಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಸಾಮಾನು ಉಳಿಸಿದವರನ್ನು ಯಾರೂ ಪ್ರಶ್ನಿಸುವುದಿಲ್ಲ, ಮಕ್ಕಳ ಕೈಗೆ ಕೊಟ್ಟವರನ್ನು ಪ್ರಶ್ನಿಸುತ್ತಾರೆ.

ಆದರೆ ಒಡೆಯದೆ, ಸುಡದೆ ಈ ಕಲಿಕೆ ಇಲ್ಲ. ಒಂಬತ್ತು ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಸಿಕ್ಕಿಸಿದರೆ ಅದು ಒಮ್ಮೆ ಝಗ್ಗೆಂದು ಹೊತ್ತಿ ಸತ್ತೇಹೋಗುತ್ತದೆ. ನಷ್ಟ ಒಂದೆರಡು ರೂಪಾಯಿ. ಆ ಎಲ್‌ಇಡಿ ಸುಮಾರು ಎರಡು ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ ಏಳನ್ನು ಹೊರಲು ಯಾರಾದರೂ ಬೇಕು, 470 ಓಮ್‌ನ ರೆಸಿಸ್ಟರ್ ನಡುವೆ ಕೂತರೆ ಹರಿಯುವ ಕರೆಂಟು 15 ಮಿಲಿ ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆಯಬಹುದು. ಸುಟ್ಟ ಎಲ್‌ಇಡಿಯನ್ನು ಕೈಯಲ್ಲಿ ಹಿಡಿದ ಮಗು ಮಾತ್ರ ಆ ಲೆಕ್ಕವನ್ನು ತಾನಾಗಿ ಕೇಳುತ್ತದೆ. ಓಮ್‌ನ ನಿಯಮ ಆಗ ಅದರ ಅಗತ್ಯವಾಗುತ್ತದೆ.

ಇದೆಲ್ಲ ನಮ್ಮ ದೇಶಕ್ಕೆ ಹೊಸದಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಒಂದು ಪ್ರಯೋಗ ಶುರುಮಾಡಿದವು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ತಾವೇ ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು. ‘ಬಾಲ ವೈಜ್ಞಾನಿಕ’ ಎಂಬ ಅವರ ಪುಸ್ತಕದಲ್ಲಿ ಏನು ಮಾಡಬೇಕೆಂಬುದಿತ್ತು, ಕೊನೆಗೆ ಏನು ಕಾಣಬೇಕೆಂಬುದನ್ನು ಬರೆದು ಕೊಟ್ಟಿರಲಿಲ್ಲ. ದಿಲ್ಲಿ ವಿಶ್ವವಿದ್ಯಾಲಯದ, ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜತೆ ಕೂತು ಪಾಠ ಕಟ್ಟಿದರು. ಅರವಿಂದ ಗುಪ್ತಾ ಬೆಂಕಿಕಡ್ಡಿಗೂ ಸೈಕಲ್ ವಾಲ್ವ್ ಟ್ಯೂಬಿಗೂ ಗಂಟುಹಾಕಿ ರೇಖಾಗಣಿತದ ಮಾದರಿಗಳನ್ನು ಮಾಡಿದ್ದು ಅಲ್ಲೇ, 1978ರಲ್ಲಿ. ಆ ಸಾಮಾನು ಮುರಿದರೆ ಯಾವ ಆಡಿಟ್ಟೂ ಕೇಳುವುದಿಲ್ಲ!

ಹೋಶಂಗಾಬಾದಿನವರ ಜಾಣತನ ಕಿಟ್‌ನಲ್ಲಿರಲಿಲ್ಲ. ಮೇಷ್ಟ್ರುಗಳಿಗೆ ಬೇಸಿಗೆಯಲ್ಲಿ ದೀರ್ಘ ತರಬೇತಿ, ಅದಾದ ಮೇಲೆ ಪ್ರತಿ ತಿಂಗಳು ಒಟ್ಟಿಗೆ ಕೂತು ಯಾವ ಪ್ರಯೋಗ ಕೈಕೊಟ್ಟಿತು ಎಂದು ಮಾತಾಡುವ ಸಭೆ, ತರಗತಿಗೇ ಬಂದು ಜೊತೆ ನಿಲ್ಲುವವರು. ಎಲ್ಲಕ್ಕಿಂತ ಮುಖ್ಯವಾಗಿ ಅವರು ಪರೀಕ್ಷೆಯನ್ನೇ ಬದಲಾಯಿಸಿದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪ್ರಶ್ನೆಪತ್ರಿಕೆ, ಅದರ ಜತೆಗೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆ. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಕಾರ್ಯಕ್ರಮ ಬೆಳೆದು ಸುಮಾರು ಸಾವಿರ ಶಾಲೆಗಳನ್ನು ಮುಟ್ಟಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆಗ ಎದ್ದ ವಾದಗಳಲ್ಲಿ ಹತ್ತನೇ ತರಗತಿಯ ಫಲಿತಾಂಶದ ಮಾತೂ ಇತ್ತು. ಎಂಟರವರೆಗೆ ಮಾಡಿ ಕಲಿತ ಮಕ್ಕಳನ್ನು ಹತ್ತರಲ್ಲಿ ಬಾಯಿಪಾಠದ ತಕ್ಕಡಿಯಲ್ಲಿ ತೂಗಿ, ಕಡಿಮೆ ಬಂತೆಂದರು. ಮೂವತ್ತು ವರ್ಷ ಬೇರು ಬಿಟ್ಟಿದ್ದ ಕೆಲಸಕ್ಕೇ ಈ ಗತಿ. ಗುತ್ತಿಗೆದಾರ ಇಳಿಸಿಹೋದ ಪೆಟ್ಟಿಗೆಗಳು ಎಷ್ಟು ದಿನ ಬಾಳುತ್ತವೆ?

ನಮ್ಮ ರಾಜ್ಯದ ಪರೀಕ್ಷೆಯನ್ನೇ ನೋಡಿ. ಎಸ್‌ಎಸ್‌ಎಲ್‌ಸಿ ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮಂಡಳಿಯೇ ನಡೆಸುವ ಪ್ರಾಯೋಗಿಕ ಪರೀಕ್ಷೆ ಇಲ್ಲ. ಕೈಗೆ ಅಂಕ ಸಿಗುವುದು ಪಿಯುಸಿಯಲ್ಲಿ, ಅದೂ ವಿಜ್ಞಾನದಂಥ ಪ್ರಾಯೋಗಿಕ ವಿಷಯ ಆರಿಸಿಕೊಂಡವರಿಗೆ ಮಾತ್ರ, ವಿಷಯಕ್ಕೆ 30. ಅಲ್ಲಿಯವರೆಗೆ ಲ್ಯಾಬಿಗೆ ಹೋಗುವುದೆಂದರೆ ಆಟದ ಪೀರಿಯಡ್ಡಿನ ಹಾಗೆ, ಜನವರಿ ಬಂತೆಂದರೆ ಅದನ್ನು ವಿಶೇಷ ತರಗತಿ ನುಂಗುತ್ತದೆ. ಜಿಲ್ಲೆಗಳು ಫಲಿತಾಂಶದ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಎಂದು ಎಣಿಸುವವರೆಗೆ ಯಾವ ಮುಖ್ಯೋಪಾಧ್ಯಾಯರೂ ಬೇರೆ ರೀತಿ ನಡೆದುಕೊಳ್ಳಲಾರರು.

ಲ್ಯಾಬ್ ಕೆಡುವುದು ಶುರುವಾಗಿದೆ ಎಂದು ತಿಳಿಯಲು ವರದಿ ಬೇಕಿಲ್ಲ. ಯಾರಾದರೂ ದೊಡ್ಡವರು ಬಂದಾಗಲೆಲ್ಲ ಅದೇ ಇಬ್ಬರು ಮಕ್ಕಳು ಅದೇ ರೋಬೋ ಓಡಿಸಿ ತೋರಿಸುತ್ತಿದ್ದರೆ, ಉಳಿದ ನಲವತ್ತು ಮಕ್ಕಳು ಗೋಡೆಗೆ ಒರಗಿ ಚಪ್ಪಾಳೆ ತಟ್ಟುತ್ತಿದ್ದರೆ, ಅಷ್ಟೇ ಸಾಕು. ಒಂದು ದಿನದ ಕಾರ್ಯಾಗಾರಗಳದ್ದೂ ಇದೇ ಕಥೆ. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನ ಚಿತ್ರಾನ್ನ, ನಡುವೆ ಚೀಟಿಯಲ್ಲಿದ್ದಂತೆ ಜೋಡಿಸಿದರೆ ಓಡುವ ಒಂದು ಕಾರು, ಸಂಜೆ ಸರ್ಟಿಫಿಕೇಟು. ಮಕ್ಕಳಿಗೆ ಖುಷಿಯಾಗುವುದು ನಿಜ, ಅದನ್ನು ಹೀಗಳೆಯುವುದಿಲ್ಲ. ಆದರೆ ಒಂದೇ ರೀತಿಯಲ್ಲಿ ಜೋಡಿಸಬಹುದಾದ ಕಿಟ್ಟು ಕಲಿಸುವುದು ಸೂಚನೆ ಓದುವುದನ್ನು. ತಪ್ಪಾಗಲು ಜಾಗವೇ ಇಲ್ಲದ ಕಡೆ ಮಗುವಿಗೆ ಕೇಳಲು ಏನಿರುತ್ತದೆ?

ಗಡಿಯಾಚೆಯ ಕುಪ್ಪಂ ಬಳಿ ನೆಲೆಯಿರುವ, 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳನ್ನು ನಮ್ಮ ಹಲವು ಜಿಲ್ಲೆಗಳ ಮಕ್ಕಳು ಕಂಡಿದ್ದಾರೆ. ಅಂಥ ವ್ಯವಸ್ಥೆಯಲ್ಲಿ ಒಂದು ಅನುಕೂಲ: ಸಾಮಾನು ಬಂದವರದ್ದು, ಒಡೆದ ಬೀಕರು ಶಾಲೆಯ ಪುಸ್ತಕಕ್ಕೆ ಏರುವುದಿಲ್ಲ. ಹಾಗಾಗಿ ಮೇಷ್ಟ್ರೂ ನಿರಾಳ. ಆದರೆ ವ್ಯಾನು ಹೋದ ಮರುದಿನ ಮಗುವಿಗೆ ಹೊಳೆಯುವ ಪ್ರಶ್ನೆಗೆ ಶಾಲೆಯಲ್ಲೇ ಯಾರಾದರೂ ಇರಬೇಕು.

ಇದರ ನಡುವೆ 2026–27ರಿಂದ ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠ ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿದೆ. ಪರದೆಯ ಮೇಲಿನ ಎಲ್‌ಇಡಿ ಸುಡುವುದಿಲ್ಲ, ಖರ್ಚಿಲ್ಲ, ಆಡಿಟ್ಟಿಲ್ಲ. ಆಡಳಿತಕ್ಕೆ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಲ್ಯಾಬಿನ ದುಡ್ಡೂ ಮೇಷ್ಟ್ರ ಸಮಯವೂ ನಿಧಾನಕ್ಕೆ ಆ ಕಡೆ ಸರಿದುಹೋಗುವ ಅಪಾಯ ನಮಗೆ ಎದುರಿಗೇ ಕಾಣುತ್ತಿದೆ.

ರಾಜ್ಯ ಸರ್ಕಾರ ದಿಲ್ಲಿಗಾಗಿ ಕಾಯದೆ ಮಾಡಬಹುದಾದ ಕೆಲಸಗಳಿವೆ, ದೊಡ್ಡ ಖರ್ಚಿನವೂ ಅಲ್ಲ. ಸೆಲ್ಲು, ಎಲ್‌ಇಡಿ, ತಂತಿ, ಸಣ್ಣ ಸೆನ್ಸರ್‌ಗಳನ್ನು ಸೀಮೆಸುಣ್ಣದಂತೆ ಖರ್ಚಾಗುವ ವಸ್ತುಗಳೆಂದು ಬರೆಯಲು ಒಂದು ಸುತ್ತೋಲೆ ಸಾಕು. ಒಂದು ಬೆಲೆಯ ಒಳಗಿನ ಸಾಮಾನು ಕೆಟ್ಟರೆ ಮುಖ್ಯೋಪಾಧ್ಯಾಯರ ಸಹಿಯಲ್ಲೇ ಲೆಕ್ಕದಿಂದ ತೆಗೆಯುವ ಅಧಿಕಾರ ಅದರಲ್ಲೇ ಇರಲಿ. ವಿಜ್ಞಾನದ ಆ 20 ಅಂಕಗಳಲ್ಲಿ ಅರ್ಧವನ್ನಾದರೂ, ಬೇರೆ ಶಾಲೆಯ ಮೇಷ್ಟ್ರೊಬ್ಬರ ಎದುರು ಮಗು ಕೈಯಾರೆ ಮಾಡಿ ತೋರಿಸುವ ಪ್ರಯೋಗಕ್ಕೆ ಮೀಸಲಿಡಬಹುದು. ತಾಲ್ಲೂಕಿನ ವಿಜ್ಞಾನ ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ದಿನವನ್ನು ಕರ್ತವ್ಯದ ದಿನವೆಂದು ಎಣಿಸಬಹುದು. ಐದು ವರ್ಷ ಮುಗಿದ ಲ್ಯಾಬುಗಳಿಗೆ ಆರನೇ ವರ್ಷದ ಸಣ್ಣ ಮೊತ್ತವೊಂದನ್ನು ರಾಜ್ಯ ಬಜೆಟ್‌ನಲ್ಲೇ ಇಡಬಹುದು. ಇವುಗಳಲ್ಲಿ ಸುತ್ತೋಲೆಗಾದರೂ ಶಾಲಾ ಶಿಕ್ಷಣ ಇಲಾಖೆ ಈಗಲೇ ಮುಂದಾಗಬಹುದು. ಹೊಸ ಲ್ಯಾಬುಗಳ ಪೆಟ್ಟಿಗೆ ತಾಲ್ಲೂಕು ತಲುಪುವ ಮೊದಲೇ, ಬರುವ ಶೈಕ್ಷಣಿಕ ವರ್ಷದ ಬಾಗಿಲು ತೆರೆಯುವಷ್ಟರಲ್ಲಿ, ಅದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿರಬೇಕು.